ಈಸುವುದಕ್ಕೆಂದು ಕೇಳಿದ ಬಾವಿ

ಕಚೇರಿಗೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ಉದಗೀರದ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ ಮೊಬೈಲ್ ತೆಗೆದು ಯಾವುದೋ ಹೊಲದ ನಕಾಶೆ ತೋರಿಸಿ, "ಮ್ಯಾಡಮ್, ಇಲ್ಲಿ ಬೋರಿಗೆ ಪರವಾನಗಿ ಕೊಡಬಹುದೇನ್ರಿ?" ಎನ್ನುತ್ತಾರೆ. ನಕಾಶೆಯಲ್ಲಿ ಆ ಹೊಲ ಅಂಗೈಯಷ್ಟು ಹಸಿರಾಗಿ ಕಾಣುತ್ತದೆ. "ಅಲ್ಲಿ ಹೋಗಿ ಸ್ವಲ್ಪ ಹೊತ್ತು ಸುಮ್ನ ನಿಂತಿರೇನು?" ಎಂದು ನಾನು ಕೇಳುತ್ತೇನೆ. ಕೆಲವರು ನಿಂತಿರುತ್ತಾರೆ. ಕೆಲವರು ನಕ್ಕು ಬಿಸ್ಕೀಟು ತೆಗೆದುಕೊಳ್ಳುತ್ತಾರೆ. ಇದು ಆ ಎರಡೂ ಬಗೆಯವರಿಗಾಗಿ ಬರೆದದ್ದು.

ನನ್ನ ಕೆಲಸ ಹೇಳಲು ಬಹಳ ಸಣ್ಣದು. ಉಮರ್ಗಾ, ನಿಲಂಗಾ, ಉದಗೀರ ಈ ಮೂರು ತಾಲೂಕುಗಳಲ್ಲಿ ಯಾರಾದರೂ ತಮ್ಮ ಸ್ವಂತ ಹೊಲದಲ್ಲಿ ಬಾವಿ ತೋಡಿಸಬೇಕು, ಬೋರು ಹೊಡೆಸಬೇಕು ಎಂದು ಅರ್ಜಿ ಹಾಕಿದರೆ ನಾನು ಹೋಗಿ ಜಾಗ ನೋಡಬೇಕು. ಊರಿನವರೆಲ್ಲ ಕುಡಿಯುವ ಸಾರ್ವಜನಿಕ ಬಾವಿಯಿಂದ ಆ ಜಾಗ ಕಾಯಿದೆ ಹೇಳುವಷ್ಟು ದೂರ ಇದೆಯೋ ಇಲ್ಲವೋ ಅಳೆಯಬೇಕು. ಕಲ್ಲು ಮಣ್ಣು ನೋಡಿ ಅಭಿಪ್ರಾಯ ಬರೆಯಬೇಕು. ಸಹಿ ಮಾಡುವವರು ಮೇಲಿನ ಸಾಹೇಬರು. ಇಷ್ಟೇ. ಆದರೆ ಕಣ್ಣಿಗೆ ಕಾಣದ್ದನ್ನು ಕುರಿತು ಅಭಿಪ್ರಾಯ ಬರೆಯುವ ಕೆಲಸವಾದ್ದರಿಂದ ಅದರಲ್ಲಿ ಅರ್ಧ ಕನಸೇ ಇತ್ತು. ಪುಷ್ಯ ಮಾಸದ ಮುಂಜಾನೆ ಕುಸುಬಿಯ ಹೊಲದ ನಡುವೆ ನಿಂತು ಕಾಲ ಕೆಳಗಿನದನ್ನು ನೆನೆಯುತ್ತಿದ್ದೆ. ಮೇಲೆ ಎರೆಮಣ್ಣು, ಅದರಡಿ ಮುರುಮು ಎಂಬ ಸಡಿಲ ಪುಡಿಗಲ್ಲು, ಅದರಡಿ ಕರಿಗಲ್ಲು, ಅದರಡಿ ಒಂದು ಕೆಂಪು ಪದರು, ಮತ್ತೆ ಕರಿಗಲ್ಲು. ನಮ್ಮ ಸೀಮೆಯ ನೆಲ ಅಜ್ಜಿಯರು ಹೊಲಿದ ಕೌದಿಯ ಹಾಗೆ. ಆ ಪದರುಗಳ ಸಂದಿನಲ್ಲೆಲ್ಲೋ ನೀರು ಸದ್ದಿಲ್ಲದೆ ಮಲಗಿರುತ್ತದೆ ಎಂದು ಯೋಚಿಸುತ್ತ ನಿಂತರೆ ಅರ್ಜಿ ಹಾಕಿದವರು ಬಂದು ಕೆಮ್ಮುವವರೆಗೆ ನನಗೆ ಎಚ್ಚರವಾಗುತ್ತಿರಲಿಲ್ಲ.

ಸೇರಿದ ಹೊಸತರಲ್ಲಿ ನನಗೆ ಕೆಲಸ ಕಲಿಸಿದ ಸಾಹೇಬರು ಕಲ್ಲಿಗೆ ನಾಲಿಗೆ ಹಚ್ಚಲು ಹೇಳಿಕೊಟ್ಟರು. ಮೃದುವಾದ ಕೆಂಪು ಕಲ್ಲು ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ. ಕರಿಗಲ್ಲು ಹಿಡಿಯುವುದಿಲ್ಲ. ಒಂದು ದಿನ ನಿಲಂಗಾದ ಹತ್ತಿರ ಹೊಲದ ಬದುವಿನಲ್ಲಿ ಕುಳಿತು ಒಂದೊಂದೇ ಕಲ್ಲನ್ನು ನೆಕ್ಕಿ ನೋಡುತ್ತಿದ್ದೆ. ಕಳೆ ತೆಗೆಯುತ್ತಿದ್ದ ಒಬ್ಬಾಕೆ ಕುರ್ಪಿ ಕೆಳಗಿಟ್ಟು ಹತ್ತಿರ ಬಂದು, ಬಹಳ ಮಮತೆಯಿಂದ, "ಎಷ್ಟನೇ ತಿಂಗಳ್ರೀ ಬಾಯಿ?" ಎಂದು ಕೇಳಿದಳು. ನನಗಿನ್ನೂ ಮದುವೆಯಾಗಿರಲಿಲ್ಲ. ಸಾಹೇಬರು ಮುಖ ಆಚೆ ತಿರುಗಿಸಿ ಆಕಾಶ ನೋಡುತ್ತ ನಿಂತರು. ಆಕೆ ತನ್ನ ಸೆರಗಿನಲ್ಲಿದ್ದ ಹುಣಸೆಕಾಯಿ ನನ್ನ ಕೈಗೆ ಕೊಟ್ಟು ಹೋದಳು.

ಮುಂದೆ ಯಂತ್ರ ಬಂತು. ನಾಲ್ಕು ಕಬ್ಬಿಣದ ಸಲಾಕೆ ನೆಲಕ್ಕೆ ಬಡಿದು, ವಯರು ಎಳೆದು, ಬ್ಯಾಟರಿಯಿಂದ ಕರೆಂಟು ಬಿಟ್ಟು, ನೆಲ ಅದನ್ನು ಎಷ್ಟು ತಡೆಯುತ್ತದೆ ಎಂದು ನೋಡುವುದು. ತೇವ ಇದ್ದಲ್ಲಿ ಸರಾಗ, ಗಟ್ಟಿ ಕಲ್ಲಿದ್ದಲ್ಲಿ ತಡೆ. ಉದಗೀರದ ಕಡೆಯ ಒಂದು ಊರಿನಲ್ಲಿ ಒಬ್ಬ ಮುದುಕಿ, "ಭೂಮ್ತಾಯಿಗಿ ಕರೆಂಟ್ ಕೊಡ್ಲಾಕತ್ತೀರಿ. ಆಕಿಗಿ ತ್ರಾಸ್ ಆಗಂಗಿಲ್ಲೇನ್ರಿ?" ಎಂದು ಕೇಳಿದಳು. ಆಗುವುದಿಲ್ಲ, ಬಹಳ ಸಣ್ಣ ಬ್ಯಾಟರಿ ಎಂದೆ. ಆಕೆ ಮನೆಗೆ ಹೋಗಿ ಅರಿಶಿನ ಕುಂಕುಮ ತಂದು ನಾಲ್ಕು ಸಲಾಕೆಗೂ ಹಚ್ಚಿದಳು. ಉಳಿದ ಕುಂಕುಮವನ್ನು ನನ್ನ ಹಣೆಗೆ ಹಚ್ಚಿದಳು. ಆ ದಿನದ ರೀಡಿಂಗುಗಳನ್ನು ನಾನು ಸಲಾಕೆ ಮುಟ್ಟಿ ಕುಂಕುಮವಾದ ಬೆರಳಿನಿಂದಲೇ ಬರೆದೆ.

ಕಡೆಯ ವರ್ಷಗಳಲ್ಲಿ ಎಲ್ಲವೂ ಮೊಬೈಲಿಗೆ ಬಂತು. ನಿಂತಲ್ಲೇ ಅದು ದೂರ ಹೇಳುತ್ತಿತ್ತು. ಅದನ್ನು ಬೈಯುವವಳಲ್ಲ ನಾನು. ಬಿಸಿಲಿನಲ್ಲಿ ಟೇಪು ಹಿಡಿದು ಜಾಲಿಮುಳ್ಳು ದಾಟಿದವರಿಗೆ ಅದರ ಉಪಕಾರ ಗೊತ್ತು. ಆದರೂ ನಾನು ಈಗ ಹೇಳುವ ಸಂಗತಿಯಲ್ಲಿ ಟೇಪೇ ಬೇಕಾಯಿತು.

ಬಡ್ತಿ, ಬದಲಿ, ಸನ್ಮಾನ ಬಿಡೋಣ. ಇಷ್ಟು ವರ್ಷಗಳಲ್ಲಿ ನಾನು ನೋಡಿದ ಜಾಗಗಳಲ್ಲಿ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ತುರೋರಿಯಿಂದ ಒಳಗಿರುವ ಒಂದು ಊರಿನ ಹೊಲದಲ್ಲಿ. ನಿವೃತ್ತಿ ಹತ್ತಿರ ಬಂದಿತ್ತು. ಬಸಲಿಂಗಪ್ಪ ಎಂಬ ರೈತರು ಬೋರಿಗೆ ಅರ್ಜಿ ಹಾಕಿದ್ದರು.

ಹೆದ್ದಾರಿಯ ಲಾರಿಗಳ ಗದ್ದಲ ಬಿಟ್ಟು ಒಳಗೆ ಹೊರಳಿದ ಸ್ವಲ್ಪ ಹೊತ್ತಿಗೇ ಆ ಸೀಮೆ ನಿದ್ದೆಯಲ್ಲಿರುವ ಹಾಗೆ ಕಾಣುತ್ತದೆ. ತೊಗರಿ ಹೂವು ಬಿಟ್ಟಿತ್ತು. ಬಸಲಿಂಗಪ್ಪ ಹಣೆತುಂಬ ವಿಭೂತಿ, ಬಿಳಿ ಟೊಪ್ಪಿಗೆ, ಎತ್ತರದ ಆಳು. ತಲೆಮಾರುಗಳಿಂದ ಅಲ್ಲೇ ಉತ್ತು ಬಿತ್ತಿದ ಮನೆತನ. ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲದ ಮನುಷ್ಯ ಎಂದು ಅವರು ನಿಲ್ಲುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನೀರು ನೋಡುವವನನ್ನು ಕರೆಸಿ ಮೇಲಿನ ಹೊಲದಲ್ಲಿ, ಮನೆಗೆ ಹತ್ತಿರದಲ್ಲಿ, ಜಾಗ ಗುರುತು ಮಾಡಿಸಿ ಸುಣ್ಣ ಹಾಕಿಸಿಟ್ಟಿದ್ದರು.

"ಇದೇ ಜಾಗಾ ರೀ. ಕಾಯಿ ಎದ್ದು ನಿಂತಿತ್ತು. ನೀವು ಬರಕೊಂಡ್ರ ಮುಗೀತು."

ಸುಣ್ಣದ ಗುರುತಿನಿಂದ ಸ್ವಲ್ಪ ಆಚೆಗೆ, ಬೀರಪ್ಪನ ಗುಡಿಯ ಹಿಂದೆ, ಒಂದು ಹಳೆಯ ಕಟ್ಟೆಯ ಬಾವಿ ಕಾಣುತ್ತಿತ್ತು. ಕುರಿ ಸಾಕುವವರ ಓಣಿಯ ಬಾವಿ. ಮಂದಿ ಕುಡಿಯುವುದೂ ಅದೇ, ಕುರಿ ಕುಡಿಯುವುದೂ ಅದೇ. ಅಲ್ಲಿಂದ ಕಂಬಳಿ ಹೆಗಲಿಗೆ ಹಾಕಿಕೊಂಡ ಒಬ್ಬ ಮುದುಕ ನಿಧಾನವಾಗಿ ನಡೆದು ಬಂದು ನಮ್ಮಿಂದ ದೂರದಲ್ಲೇ ನಿಂತ. ಆ ಓಣಿಯ ಹಿರಿಯ ಮಾಳಪ್ಪ.

"ಏನರೆ ಹೇಳೋದದೇನ್ರಿ?" ಎಂದು ನಾನೇ ಕೇಳಿದೆ.

"ನಾ ಏನ್ ಹೇಳ್ಲಿ ಬಾಯಿ. ಹೊಲ ಅವರದು. ಆದ್ರ ನೆಲದ ಒಳಗ ಬದು ಹಾಕ್ಯಾರೇನು? ಇಲ್ಲಿ ಬೋರ್ ಹೊಡದ್ರ ನಮ್ಮ ಬಾವಿ ಬ್ಯಾಸಿಗಿಗಿ ಬಾಯಿ ತಗೀತದ. ಅಷ್ಟೇ."

ಮೊಬೈಲ್ ತೆಗೆದು ಅಳೆದೆ. ಕಾಯಿದೆ ಕೇಳುವ ದೂರಕ್ಕೆ ತೀರ ಸಮೀಪ ಬಂದು ನಿಂತಿತು. ಇನ್ನೊಮ್ಮೆ ನೋಡಿದರೆ ದಾಟಿತು. ಬೇವಿನ ಮರದಡಿ ನಿಂತರೆ ಹಿಂದೆ ಸರಿಯಿತು. ಬಸಲಿಂಗಪ್ಪ ತಮ್ಮ ಮೊಬೈಲ್ ತೆಗೆದರು. ಅದು ಅವರಿಗೆ ಬೇಕಾದದ್ದನ್ನೇ ಹೇಳಿತು. ಕಂಬಳಿಯೊಳಗೆ ಕೈ ಹಾಕಿ ಮಾಳಪ್ಪನೂ ಒಂದು ಮೊಬೈಲ್ ತೆಗೆಯುವಂತೆ ಕಂಡಾಗ ನಾನು ಜೀಪಿನಿಂದ ಹಳೆಯ ಟೇಪು ತರಿಸಿದೆ.

"ಒಂದು ತುದಿ ನೀವು ಹಿಡೀರಿ," ಎಂದು ಬಸಲಿಂಗಪ್ಪನವರಿಗೆ ಕೊಟ್ಟೆ. "ಇನ್ನೊಂದು ತುದಿ ನೀವು," ಎಂದು ಮಾಳಪ್ಪನಿಗೆ ಕೊಟ್ಟೆ.

ಅವರಿಬ್ಬರೂ ತೊಗರಿಯ ನಡುವೆ ಟೇಪು ಹಿಡಿದು ಹೊರಟರು. ಒಬ್ಬರು ನಿಂತರೆ ಇನ್ನೊಬ್ಬರು ಮುಂದೆ ಹೋಗುವುದು, ಗೂಟ ಹೊಡೆಯುವುದು, ಮತ್ತೆ ಹೊರಡುವುದು. ಹಳದಿ ಹೂವಿನ ಮೇಲೆ ಬಿಳಿ ಟೊಪ್ಪಿಗೆ ಒಂದು, ಕೆಂಪು ರುಮಾಲು ಒಂದು ತೇಲಿ ಹೋದವು. ಅರ್ಧ ಹಾದಿಯ ಹೊತ್ತಿಗೆ, "ಜರಾ ಬಿಗಿ ಹಿಡಿಯೋ ಮಾಳ್ಯಾ," "ಹಿಡದೀನಿ ಗೌಡ್ರ, ನೀವು ಸೊಟ್ಟ ನಡೀಲಾಕತ್ತೀರಿ," ಎಂಬ ಮಾತು ಕೇಳಿಸಿತು. ಚಿಕ್ಕಂದಿನಲ್ಲಿ ಅವರಿಬ್ಬರೂ ಒಂದೇ ಸಾಲೆಗೆ ಹೋದವರೆಂದು ನನಗೆ ಆಮೇಲೆ ತಿಳಿಯಿತು.

ದೂರ ಸಾಲಲಿಲ್ಲ. ಎರಡು ಜೋಡಿ ಎತ್ತು ಸಾಲಾಗಿ ನಿಲ್ಲುವಷ್ಟು ಕಡಿಮೆ ಬಿತ್ತು. ಹಿಂದಿನಿಂದ ಅಳೆದುಕೊಂಡು ಬಂದರೂ ಅಷ್ಟೇ ಬಂತು.

"ಇಲ್ಲಿ ಕೊಡಾಕ ಬರಂಗಿಲ್ರಿ," ಎಂದೆ.

ಬಸಲಿಂಗಪ್ಪ ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟರು. ಎಸೆಯಲಿಲ್ಲ, ಕೊಟ್ಟರು. "ನೋಡೋಣ ತಗೋರಿ," ಎಂದು ಮನೆಯ ಕಡೆ ನಡೆದರು.

ಆ ವಾರವೇ ಅದೇ ಬೋರಿನ ವಿಷಯವಾಗಿ ಕಚೇರಿಗೆ ಫೋನು ಬಂತು. ಮಾತಾಡಿದವರು ಯಾರೋ ದೊಡ್ಡವರು. ನಮ್ಮ ಸಾಹೇಬರು ಮರಾಠಿಯವರು. ಹೆಚ್ಚು ಮಾತಿಲ್ಲದ, ಊಟದ ಮೇಲೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಬಲ್ಲ ಮನುಷ್ಯ. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ನನ್ನನ್ನು ಕರೆದರು.

"ತುಮ್ಹೀ ಸ್ವತಃ ಮೋಜಲಂ ಕಾ?" ನೀವೇ ಅಳೆದಿರಾ ಎಂದು.

"ಹೋ ಸರ್. ದೋನದಾ." ಎರಡು ಸಲ ಎಂದೆ.

"ಮ್ಯಾಡಮನೀ ಮೋಜಲಂಯ್," ಮ್ಯಾಡಮ್ಮೇ ಅಳೆದಿದ್ದಾರೆ ಎಂದು ಫೋನಿಗೆ ಹೇಳಿ ಇಟ್ಟುಬಿಟ್ಟರು. ನನ್ನ ಪರವಾಗಿ ಒಬ್ಬ ಮೇಲಧಿಕಾರಿ ಆಡಿದ ಅತ್ಯಂತ ಉದ್ದದ ಭಾಷಣ ಅದು. ಹೊಸಬರೇ, ಅಂಥವರ ಕೈಕೆಳಗೆ ಕೆಲಸ ಸಿಕ್ಕರೆ ಬದಲಿ ಕೇಳಬೇಡಿ.

ಕೆಲವು ದಿನಗಳಾದ ಮೇಲೆ ಉಮರ್ಗಾದ ಕಚೇರಿಯಲ್ಲಿ ಕುಳಿತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಇಳಕಲ್ ಸೀರೆ, ಕೊರಳಲ್ಲಿ ಬೆಳ್ಳಿಯ ಲಿಂಗದ ಕರಡಿಗೆ, ಐವತ್ತು ದಾಟಿದ ವಯಸ್ಸು. ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಆಗಾಗ ಹೊರಗಿನ ರಸ್ತೆಯ ಕಡೆ ನೋಡುತ್ತಿದ್ದಳು.

"ನಾ ಕಸ್ತೂರಬಾಯಿ. ಬಸಲಿಂಗಪ್ಪನವರ ಮನಿಯಾಕಿ."

ಕೂರಲು ಹೇಳಿದೆ. ನೀರು ಕೊಟ್ಟೆ. ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿಯದೆ ನೋಡಿದಳು.

"ಕೆಳಗ ಹಳ್ಳದ ದಂಡಿಗಿ ಒಂದ್ ತುಕಡಿ ಹೊಲ ಅದ ರೀ. ಅದು ನನ್ನ ಹೆಸರಲೆ ಅದ. ನಮ್ಮ ಅತ್ತಿ ಸಾಯೂದಕ್ಕ ಮೊದಲ ಮಾಡಿಕೊಟ್ಟಾಳ. ಅಲ್ಲಿ ಬಾವಿ ಆಗ್ತದೇನ್ರಿ?"

"ಬೋರೇನ್ರಿ?"

"ಬೋರ್ ನಕೋ. ಬಾವಿ. ಪಾವಟಿಗಿ ಇದ್ದದ್ದು. ಇಳೀಲಾಕ ಬರಬೇಕು."

ಈ ಕಾಲದಲ್ಲಿ ಮೆಟ್ಟಿಲ ಬಾವಿ ಕೇಳಿದವರನ್ನು ನಾನು ನೋಡಿರಲಿಲ್ಲ. ಅರ್ಜಿಯಲ್ಲಿ ಯಾತಕ್ಕೆ ಎಂದು ಬರೆಯುವ ಜಾಗವಿತ್ತು. ಹೊಲಕ್ಕೆ ಎಂದು ಬರೆಯಲೇ ಎಂದು ಕೇಳಿದೆ. ಆಕೆ ಲೋಟ ಕೆಳಗಿಟ್ಟು, "ಹೊಲಕ್ಕೂ ಆಗ್ತದ. ಆದ್ರ ಖರೆ ಹೇಳ್ಬೇಕಂದ್ರ, ಈಸಾಕ ರೀ," ಎಂದಳು.

ನಾನು ಪೆನ್ನು ಎತ್ತಿ ಆಕೆಯ ಮುಖ ನೋಡಿದೆ.

"ನನ್ನ ತವರುಮನಿ ನಿಲಂಗಾದ ಕಡೆ, ತೇರಣಾ ಹೊಳಿ ದಂಡಿ ಮ್ಯಾಗ. ನಡಿಯೂದಕ್ಕ ಮೊದಲ ಈಸಿದಾಕಿ ಅಂತಿದ್ದ ನಮ್ಮಪ್ಪ. ಈ ದಂಡಿಂದ ಆ ದಂಡಿಗಿ ಹೋಗಿ ಸೌತಿಕಾಯಿ ತಿಂದು ಬರ್ತಿದ್ದೆ. ಲಗ್ನ ಆಗಿ ಇಲ್ಲಿ ಬಂದೆ. ಇಲ್ಲಿ ಎಲ್ಲಾ ಕೊಡದಾಗಿನ ನೀರು. ಯಾರೂ ಕೇಳ್ಲಿಲ್ಲ, ನಾ ಹೇಳ್ಲಿಲ್ಲ. ಮಕ್ಕಳು ದೊಡ್ಡವರಾದರು, ಅವರ ಲಗ್ನ ಆದವು. ಈಗ ಹಾಸಿಗ್ಯಾಗ ಮಲಗಿದ್ರ ಕಾಲು ತಾವೇ ಅಲಗತಾವ ರೀ ಬಾಯಿ. ಈಸೂದು ಕಾಲಿಗಿ ನೆನಪದ."

ಇದನ್ನು ಹೇಳುವಾಗ ಆಕೆಯ ದನಿಯಲ್ಲಿ ದುಃಖವಿರಲಿಲ್ಲ. ನೆಂಟರ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ಗಂಡನಿಗೆ ಗೊತ್ತಿದೆಯೇ ಎಂದು ಕೇಳಿದೆ.

"ಬಾವಿ ಮಾಡ್ತೀನಿ ಅಂತ ಗೊತ್ತದ. ಈಸೂದು ಗೊತ್ತಿಲ್ಲ."

ಎರಡು ದಿನ ಬಿಟ್ಟು ಆಕೆಯ ಜೊತೆ ಹಳ್ಳದ ದಂಡೆಗೆ ಹೋದೆ. ಕುಡಿಯುವ ಬಾವಿಯಿಂದ ಧಾರಾಳ ದೂರ. ಜಾಲಿ ಮರಗಳ ನೆರಳು, ಹಳ್ಳದಲ್ಲಿ ಒಣಗಿದ ಮರಳು, ಅಲ್ಲಲ್ಲಿ ಲಕ್ಕಿಗಿಡ. ಸಲಾಕೆ ಬಡಿದು ಯಂತ್ರ ಹಚ್ಚಿದೆ. ಕಸ್ತೂರಬಾಯಿ ನೆಲದ ಮೇಲೆ ಕುಳಿತು ಸೂಜಿ ಅಲುಗುವುದನ್ನೇ ನೋಡುತ್ತಿದ್ದಳು. ಮೇಲಿನ ಮುರುಮಿನಲ್ಲಿ ತೇವ ಅಷ್ಟಕ್ಕಷ್ಟೇ. ಅದರಡಿ ಕರಿಗಲ್ಲಿನ ದಪ್ಪ ಹಾಸು. ಅದನ್ನು ದಾಟಿದರೆ ರೀಡಿಂಗು ತಟ್ಟನೆ ಇಳಿಯುತ್ತಿತ್ತು. ಅಲ್ಲಿ ಕೆಂಪು ಪದರು ಇರಬೇಕು, ಅದರ ಮೇಲೆ ನೀರು ಹರಿದಾಡಬೇಕು ಎಂದು ನನಗೆ ತೋರಿತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಕಲ್ಲು ದಾಟುವವರೆಗೆ ಹನಿ ನೀರೂ ಸಿಗಲಿಕ್ಕಿಲ್ಲ, ಧೈರ್ಯ ಬೇಕು ಎಂದೆ.

"ತಳದಾಗ ನೀರು ಅದಲಾ?" ಎಂದು ಮಾತ್ರ ಕೇಳಿದಳು.

ಕಡತ ಸಾಹೇಬರ ಮುಂದಿಟ್ಟೆ. ಯಾತಕ್ಕೆ ಎಂಬಲ್ಲಿ ಕೃಷಿ ಮತ್ತು ಇತರ ಎಂದು ಬರೆದಿದ್ದೆ. ಅವರ ಬೆರಳು ಅಲ್ಲಿ ನಿಂತಿತು.

"ಇತರ ಮ್ಹಣಜೇ ಕಾಯ್?" ಇತರ ಅಂದರೆ ಏನು ಎಂದು.

ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಬಹಳ ಹೊತ್ತು ಕುಳಿತರು. ಊಟದ ಮೇಲಿನ ಹೊತ್ತಾದ್ದರಿಂದ ನಿದ್ದೆ ಹೋದರೋ ಎಂದು ನನಗೆ ಅನುಮಾನ ಬಂತು. ಆಮೇಲೆ ಕಡತವನ್ನು ನನ್ನ ಕಡೆ ತಿರುಗಿಸಿ, "ಲಿಹಾ. ಪೋಹಣ್ಯಾಸಾಠೀ," ಎಂದರು. ಬರೆಯಿರಿ, ಈಸುವುದಕ್ಕೆ ಎಂದು. ಬರೆದೆ. ಅದರ ಕೆಳಗೆ ಸಹಿ ಮಾಡಿದರು. ನಮ್ಮ ಕಚೇರಿಯಿಂದ ಆ ಕಾರಣ ಹೊತ್ತು ಹೊರಟ ಪರವಾನಗಿ ನಾನು ಕಂಡಂತೆ ಅದೊಂದೇ.

ಯುಗಾದಿ ಮುಗಿಯುತ್ತಲೇ ತೋಡಲು ಶುರು ಮಾಡಿದರು. ಮಣ್ಣು, ಮುರುಮು ಬೇಗ ಮುಗಿದವು. ಕರಿಗಲ್ಲು ಬಂತು. ಸುರಂಗ ಹಾಕಿ ಮದ್ದು ಸಿಡಿಸಿ ಒಡೆದು, ಯಾರಿ ಎಂಬ ರಾಟೆಯಂತ್ರದ ಬುಟ್ಟಿಯಲ್ಲಿ ಕಲ್ಲು ಮೇಲಕ್ಕೆ ತಂದು ಸುರುವುತ್ತಿದ್ದರು. ಕರಿ ಕಲ್ಲಿನ ಗುಡ್ಡೆ ಬೆಳೆಯುತ್ತ ಹೋಯಿತು. ಒಳಗೆ ಧೂಳು. ಬಸಲಿಂಗಪ್ಪ ದಿನವೂ ಬಂದು ಜಾಲಿಯ ನೆರಳಲ್ಲಿ ನಿಂತು ನೋಡಿ ಹೋಗುತ್ತಿದ್ದರಂತೆ. ಬೇಡ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಊರಿನವರು ಅದಕ್ಕೆ ಕಸ್ತೂರಬಾಯಿಯ ಹಗೆವು ಎಂದು ಹೆಸರಿಟ್ಟರು. ಜೋಳ ತುಂಬಿಡುವ ಹಗೆವಿನ ಹಾಗೆ ಒಣಗಿದ ಗುಂಡಿ ಎಂದು.

ಬಿಸಿಲು ಏರಿದ ಒಂದು ದಿನ ಬೋರು ಹೊಡೆಯುವ ಲಾರಿ ತುರೋರಿಯಿಂದ ಒಳಗೆ ಬಂದು ಹಳ್ಳದ ದಂಡೆಯಲ್ಲಿ ನಿಂತಿತು. ಬಾವಿಯ ತಳದಿಂದಲೇ ಆಳಕ್ಕೆ ಒಂದು ತೂತು ಹೊಡೆಸಿಬಿಟ್ಟರೆ ಎಲ್ಲಿಂದಲಾದರೂ ನೀರು ಬಂದೇ ಬರುತ್ತದೆ ಎಂದು ಬಸಲಿಂಗಪ್ಪ ಕರೆಸಿದ್ದರು. ನಾನಲ್ಲಿ ಇರಲಿಲ್ಲ. ಮಾಳಪ್ಪ ಹೇಳಿದ್ದು.

"ಆಕಿ ಬಂದಳು ಬಾಯಿ. ಏನೂ ಒದರಲಿಲ್ಲ. ಬಾವಿ ದಂಡಿ ಮ್ಯಾಗ ಕುಂತು ಎರಡೂ ಕಾಲು ಒಳಗ ಇಳಿಬಿಟ್ಟಳು. ನಾವೆಲ್ಲಾ ಅಂಜಿದ್ವಿ, ಅಷ್ಟು ಆಳ. ಗೌಡ್ರು, ಏಳು ಅಂದ್ರು. 'ನನಗ ಬಾವಿ ಪರವಾನಗಿ ಅದ, ಬೋರಿಂದಿಲ್ಲ. ಮಾಳಪ್ಪಣ್ಣನ ಮನಿ ಮಂದಿ ಕುಡಿಯೋ ನೀರು ಜಗ್ಗಿ ತಂದು ನಾ ಅದರಾಗ ಈಸಂಗಿಲ್ಲ' ಅಂದಳು."

"ಅದಕ್ಕ ಗೌಡ್ರು ಏನಂದ್ರು?"

"ಏನಂತಾರ? 'ಈಸೂದಾ?' ಅಂದ್ರು. ಅಷ್ಟೇ ಅಂದ್ರು. ಈಸೂದಾ ಅಂದು ಹಂಗೇ ನಿಂತರು. ಲಾರಿಯಂವಾ ಹಾರ್ನ್ ಹೊಡದ. ಅಂವಗ ಹೋಗು ಅಂತ ಕೈ ಮಾಡಿದ್ರು."

ಮಾಳಪ್ಪ ನನ್ನನ್ನು ಹುಡುಕಿಕೊಂಡು ಬಂದದ್ದು ಈ ಸುದ್ದಿ ಹೇಳಲಿಕ್ಕಲ್ಲ. ಕೆಲಸಗಾರರು ಇನ್ನು ತೋಡುವುದರಲ್ಲಿ ಅರ್ಥವಿಲ್ಲ ಎಂದು ಗಂಟು ಕಟ್ಟಿದ್ದರು. ಬಾಯಿ ಬಂದು ಒಮ್ಮೆ ನೋಡಲಿ, ಅವರು ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ ಎಂದು ಕಸ್ತೂರಬಾಯಿ ಹೇಳಿ ಕಳಿಸಿದ್ದಳು.

ಬಸ್ಸಿನಲ್ಲಿ ಹೋಗುವಾಗ ಅಲ್ಲಿಯ ರೀಡಿಂಗುಗಳನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಸೂಜಿ ಹೇಳಿದ್ದನ್ನು ನಾನು ಆಕೆಗೆ ಹೇಳಿದ್ದೆ. ಆಕೆ ಸೂಜಿಯನ್ನು ನಂಬಿರಲಿಲ್ಲ, ನನ್ನನ್ನು ನಂಬಿದ್ದಳು. ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇದನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ. ನಾವು ಅಭಿಪ್ರಾಯ ಎಂದು ಬರೆದದ್ದು ಆಚೆ ತಲುಪುವಾಗ ಮಾತು ಕೊಟ್ಟ ಹಾಗಾಗಿರುತ್ತದೆ.

ನಾನು ಒಳಗೆ ಇಳಿಯುತ್ತೇನೆ ಎಂದಾಗ ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಯ ಬುಟ್ಟಿಯಲ್ಲಿ ನಿಂತು ಸರಪಳಿ ಹಿಡಿದೆ. ಬುಟ್ಟಿ ನಿಧಾನವಾಗಿ ತಿರುಗುತ್ತ ಇಳಿಯಿತು. ಎರೆಮಣ್ಣು ಕಣ್ಣ ಮುಂದಿನಿಂದ ಮೇಲಕ್ಕೆ ಹೋಯಿತು. ಮುರುಮು ಹೋಯಿತು. ಕರಿಗಲ್ಲು ಶುರುವಾಗಿ ಮುಗಿಯದೆ ಸಾಗಿತು. ಜೀವಮಾನವಿಡೀ ಹೊಲದಲ್ಲಿ ನಿಂತು ನೆನೆದದ್ದರೊಳಗೆ ನಾನು ಇಳಿಯುತ್ತಿದ್ದೆ. ಬಿಸಿಲಿನ ಸದ್ದು ಮೇಲೇ ಉಳಿಯಿತು. ಬಿಸಿಲಿಗೂ ಒಂದು ಸದ್ದಿದೆ ಎಂದು ಅದು ನಿಂತ ಮೇಲೆ ತಿಳಿಯಿತು. ತಳದಲ್ಲಿ ಕಾಲಿಟ್ಟಾಗ ತಂಪು ಕಣಕಾಲನ್ನು ಹಿಡಿದುಕೊಂಡಿತು. ತಲೆ ಎತ್ತಿದರೆ ರೊಟ್ಟಿಯಷ್ಟು ಆಕಾಶ, ಅದರ ಅಂಚಿನಲ್ಲಿ ಕಸ್ತೂರಬಾಯಿಯ ಮುಖ.

ಕೈಯಿಂದ ಗೋಡೆ ಸವರುತ್ತ ಸುತ್ತು ಬಂದೆ. ಎಲ್ಲೆಡೆ ಒರಟು, ಒಣ. ಮೂಡಣ ಗೋಡೆಯ ಬುಡದಲ್ಲಿ ಮಾತ್ರ ಬೆರಳಿಗೆ ನುಣುಪು ತಾಗಿತು. ಬಗ್ಗಿ ನೋಡಿದೆ. ಕರಿಗಲ್ಲಿನ ಅಡಿಯಲ್ಲಿ ಬಳೆಯಷ್ಟು ತೆಳ್ಳಗೆ ಕೆಂಪು ಗೆರೆ ಇಣುಕಿತ್ತು. ಒಂದು ಚೂರು ಕಿತ್ತು ನಾಲಿಗೆಗೆ ಹಚ್ಚಿದೆ. ಹಿಡಿದುಕೊಂಡಿತು. ಅಲ್ಲಿಯೇ ಕಿವಿಯಿಟ್ಟು ಕುಳಿತೆ. ಏನೂ ಕೇಳಲಿಲ್ಲ. ಆದರೆ ಕೆನ್ನೆ ತೇವವಾಯಿತು. ಅದು ಕಲ್ಲಿನ ತೇವವೇ ಹೊರತು ನನ್ನದಲ್ಲ ಎಂದು ಬೆರಳಿನಿಂದ ಒರೆಸಿ ನೋಡಿ ಖಾತ್ರಿ ಮಾಡಿಕೊಂಡೆ.

ಮೇಲೆ ಬಂದು, "ಇನ್ನೊಂದಿಷ್ಟು ತೋಡ್ರಿ," ಎಂದೆ.

"ಸಿಗ್ತದೇನ್ರಿ?" ಎಂದು ಕೇಳಿದವರು ಬಸಲಿಂಗಪ್ಪ. ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಕೆಂಪು ಕಂಡದ ರೀ. ಅದರ ಮ್ಯಾಗ ನೀರು ನಡದಾಡ್ಯಾದ."

ಅವರು ಕೆಲಸಗಾರರ ಕಡೆ ತಿರುಗಿ, "ಕೇಳಿದ್ರೆಲಾ, ಇಳೀರಿ," ಎಂದರು.

ಮರುದಿನ ಸುರಂಗ ಹಾಕಿದ ಮೇಲೆ ಹೊಗೆ ಆರಲು ಬಿಟ್ಟು ನೋಡಿದಾಗ ತಳದ ಕಲ್ಲುಗಳ ನಡುವೆ ಆಕಾಶದ ಚೂರು ಬಿದ್ದಿತ್ತಂತೆ. ಯಾರೋ ಕನ್ನಡಿ ಬೀಳಿಸಿದ್ದಾರೆ ಎಂದುಕೊಂಡರಂತೆ. ಸಂಜೆಗೆ ಮೊಣಕಾಲವರೆಗೆ ಬಂತು. ಆ ಬೇಸಿಗೆ ಮಾಳಪ್ಪನ ಓಣಿಯ ಬಾವಿ ಇಳಿಯಬೇಕಾದಷ್ಟೇ ಇಳಿಯಿತು, ಹೆಚ್ಚಲ್ಲ. ಅದು ನಾನೇ ಹೋಗಿ ಹಗ್ಗ ಬಿಟ್ಟು ನೋಡಿ ಬರೆದುಕೊಂಡ ಕಡೆಯ ಅಳತೆ. ಮೃಗಶಿರಾ ಮಳೆಯ ಹೊತ್ತಿಗೆ ನಾನು ನಿವೃತ್ತಳಾದೆ.

ದಸರೆಯ ನಂತರ ಕಸ್ತೂರಬಾಯಿಯ ಫೋನು ಬಂತು. ಬಂದು ನೋಡಿಹೋಗಿರಿ ಎಂದು. ಆಗ ನನಗೆ ಸಮಯವಿತ್ತು. ಉದಗೀರದಿಂದ ನಿಲಂಗಾ, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡೆದೆ. ಹಳ್ಳದಲ್ಲಿ ತಿಳಿನೀರು ಹರಿಯುತ್ತಿತ್ತು. ಕರಿಗಲ್ಲಿನಲ್ಲಿ ಕಟ್ಟೆ ಕಟ್ಟಿಸಿದ್ದರು. ಒಂದು ಮಗ್ಗುಲಿಗೆ ಅಗಲವಾದ ಪಾವಟಿಗೆಗಳು. ಬಾವಿ ಅರ್ಧಕ್ಕಿಂತ ಮೇಲೆ ತುಂಬಿ ಹಸಿರುಗಪ್ಪಾಗಿ ನಿಂತಿತ್ತು.

ಕಸ್ತೂರಬಾಯಿ ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡು ಪಾವಟಿಗೆ ಇಳಿದಳು. ನೀರಿಗೆ ತಾಗಿದ ಮೆಟ್ಟಿಲಲ್ಲಿ ನಿಂತು ನೀರನ್ನು ಬೊಗಸೆಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಸುಮ್ಮನೆ ಮುಂದಕ್ಕೆ ಒರಗಿದಳು. ಜಿಗಿಯಲಿಲ್ಲ, ನೀರು ಚಿಮ್ಮಲಿಲ್ಲ. ಹಾಸಿಗೆಯ ಮೇಲೆ ಮಗ್ಗುಲಾಗುವ ಹಾಗೆ ನೀರಿನ ಮೇಲೆ ಮಗ್ಗುಲಾದಳು. ಒಂದು ಸುತ್ತು ಬಂದಳು. ಗೋಡೆಯ ಕರಿ ಕಲ್ಲು, ಕೆಂಪು ಮುರುಮು, ಮೇಲಿನ ಎರೆಮಣ್ಣು ಎಲ್ಲವೂ ನೀರಿನಲ್ಲಿ ತಲೆಕೆಳಗಾಗಿ ಅಲುಗಿ ಅವಳ ಹಿಂದೆ ಮತ್ತೆ ಕೂಡಿಕೊಂಡವು. ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸರು ಮಾತು ನಿಲ್ಲಿಸಿದ್ದರು. ಮಾಳಪ್ಪನ ಸೊಸೆಯಂದಿರೂ ಅಲ್ಲಿದ್ದರು. ಆಕೆ ಬೆನ್ನ ಮೇಲೆ ತಿರುಗಿ, ಕಿವಿ ನೀರಿನಲ್ಲಿಟ್ಟು, ಕಣ್ಣು ಮುಚ್ಚಿ ತೇಲುತ್ತ ಉಳಿದಳು. ಯಾರೂ ಕರೆಯಲಿಲ್ಲ.

ಬಸಲಿಂಗಪ್ಪ ನನ್ನ ಪಕ್ಕದಲ್ಲಿ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಅವರು ಟೊಪ್ಪಿಗೆ ತೆಗೆದು ಕಟ್ಟೆಯ ಮೇಲಿಟ್ಟರು. ಅಂಗಿ ಬಿಚ್ಚಿ ಅದರ ಮೇಲಿಟ್ಟರು. ಜಾಲಿಮರದ ಹಿಂದಿನಿಂದ ಎರಡು ಖಾಲಿ ಎಣ್ಣೆಯ ಡಬ್ಬಿ ಕಟ್ಟಿದ ಹಗ್ಗ ತಂದು, ಯಾರ ಕಡೆಯೂ ನೋಡದೆ, ಈಸು ಕಲಿಯುವ ಹುಡುಗರ ಹಾಗೆ ಸೊಂಟಕ್ಕೆ ಬಿಗಿದುಕೊಂಡರು.

"ಎಂಟ ದಿನ ಆಯ್ತು ರೀ, ದಿನಾ ನೀರಿನ ದಂಡಿತನಕ ಬಂದು ತಿರುಗಿ ಹೋಗ್ತಾರ," ಎಂದು ಮಾಳಪ್ಪನ ಸೊಸೆಯೊಬ್ಬಳು ನನ್ನ ಕಿವಿಯಲ್ಲಿ ಹೇಳಿದಳು.

ಅವರು ಒಂದೊಂದೇ ಮೆಟ್ಟಿಲು ಇಳಿದರು. ನೀರು ಎದೆಗೆ ಬಂದಾಗ ನಿಂತು, ಎರಡೂ ಕೈಯಲ್ಲಿ ಮೇಲಿನ ಮೆಟ್ಟಿಲ ಕಲ್ಲನ್ನು ಹಿಡಿದುಕೊಂಡು, ತಲೆ ಎತ್ತಿ ನನ್ನನ್ನು ಕೇಳಿದರು.

"ಮ್ಯಾಡಮ್, ಆಳ ಎಷ್ಟದ ರೀ ಇದು?"

ಅದನ್ನು ನಾನು ಅಡಿ ಅಡಿಯಾಗಿ ಬಲ್ಲವಳಾಗಿದ್ದೆ. ಹೇಳಲಿಲ್ಲ.

ಕಸ್ತೂರಬಾಯಿ ತೇಲುತ್ತ ಬಂದು ಅವರ ಬೆನ್ನ ಕೆಳಗೆ ಅಂಗೈ ಇಟ್ಟಳು.

"ಬಿಡ್ರಿ. ಕಲ್ಲು ಬಿಡ್ರಿ. ನಾ ಹಿಡದೀನಿ."

ಬಿಟ್ಟರು.